ಗೋಡೆಯೊಳಗಿನ ಬಿಸಿ

ಮನೆಗೆ ಬೆಂಕಿ ಬಿದ್ದ ಸುದ್ದಿಯ ಕೊನೆಯಲ್ಲಿ ಕಾರಣದ ಸಾಲೊಂದು ಇದ್ದೇ ಇರುತ್ತದೆ: ಶಾರ್ಟ್ ಸರ್ಕ್ಯೂಟ್ ಶಂಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವಾರ್ಷಿಕ ವರದಿಯಲ್ಲಿ ಬೆಂಕಿ ಅವಘಡಗಳನ್ನು ವಿಂಗಡಿಸುವಾಗಲೂ ಇದೇ ಹೆಸರಿನದೊಂದು ಕಾಲಂ ಇಟ್ಟಿದೆ. ಹೆಸರು ಸುಳ್ಳಲ್ಲ, ಆದರೆ ಅರ್ಧ ಕಥೆ ಮಾತ್ರ ಹೇಳುತ್ತದೆ. ಫೇಸ್ ವೈರ್ ಮತ್ತು ನ್ಯೂಟ್ರಲ್ ವೈರ್ ನಡುವೆ ಯಾವ ಉಪಕರಣವೂ ಇಲ್ಲದೆ ಒಂದಕ್ಕೊಂದು ನೇರ ತಾಗಿ, ನೂರಾರು ಆಂಪಿಯರ್ ಕರೆಂಟ್ ಒಮ್ಮೆಲೇ ನುಗ್ಗುವುದು ಶಾರ್ಟ್ ಸರ್ಕ್ಯೂಟ್. ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್, ಎಂದರೆ ಸರಿಯಾದ ಎಂಸಿಬಿ, ಕೂರಿಸಿದ ಮನೆಯಲ್ಲಿ ಅದರ ಆಯಸ್ಸು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು. ಟಪ್ ಎಂದು ಸದ್ದಾಗಿ ಕತ್ತಲಾಗುತ್ತದೆ, ಅಷ್ಟೇ. ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಚ್ಚಗೆ ಮಲಗಿದ್ದ ಎರಡು ವೈರ್‌ಗಳು ಬೆತ್ತಲಾಗಿ ತಾಗುವಂತಾದದ್ದು ಹೇಗೆ ಎಂಬುದು ಅಸಲು ಪ್ರಶ್ನೆ. ಆ ಹೊದಿಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಂದಿರುತ್ತದೆ. ಶಾರ್ಟ್ ಸರ್ಕ್ಯೂಟ್ ಆಗುವ ಹೊತ್ತಿಗೆ ನಾಟಕದ ಕೊನೆಯ ಅಂಕ ನಡೆಯುತ್ತಿರುತ್ತದೆ.

ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಸಿಗುವ ವೈರಿನ ತುದಿಯಲ್ಲಿ ತಾಮ್ರ ಕರಗಿ ಸಾಸಿವೆ ಕಾಳಿನಂಥ ಮಣಿ ಕಟ್ಟಿರುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಎರಡು ವೈರ್‌ಗಳ ನಡುವೆ ಕಿಡಿ ಹಾರಿದರೆ ಅಲ್ಲಿ ಸಾವಿರಾರು ಡಿಗ್ರಿ ಉಂಟಾಗುವುದರಿಂದ, ಮಣಿ ಕಂಡ ಕೂಡಲೇ ಶಾರ್ಟ್ ಸರ್ಕ್ಯೂಟ್ ಎಂದು ಬರೆದುಬಿಡುವುದು ಸುಲಭ. ಆದರೆ ಒಲೆಯಿಂದಲೋ ದೇವರ ದೀಪದಿಂದಲೋ ಹೊತ್ತಿದ ಬೆಂಕಿಯೂ ವೈರಿನ ಹೊದಿಕೆಯನ್ನು ಸುಟ್ಟು, ಕರೆಂಟ್ ಇನ್ನೂ ಇರುವ ವೈರ್‌ಗಳನ್ನು ಒಂದಕ್ಕೊಂದು ತಾಗಿಸಿ ಅದೇ ಮಣಿ ಕಟ್ಟಬಲ್ಲದು. ಮಣಿ ಬೆಂಕಿಗೆ ಮುಂಚಿನದೋ ಆಮೇಲಿನದೋ ಎಂಬುದು ಅದನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ತನಿಖೆಯ ಪಟ್ಟಿಯಲ್ಲಿ ಶಾರ್ಟ್ ಸರ್ಕ್ಯೂಟ್ ಎಂಬ ಕಾಲಂ ತುಂಬುತ್ತಾ ಹೋಗುತ್ತದೆ, ಅದರ ಹಿಂದಿನ ಕಾರಣಗಳು ಖಾಲಿ ಉಳಿಯುತ್ತವೆ. ಆ ಕಾರಣಗಳು ಮುಖ್ಯವಾಗಿ ಎರಡು: ವೈರಿನ ಶಕ್ತಿಗೆ ಮೀರಿದ ಹೊರೆ, ಮತ್ತು ಸಡಿಲ ಜೋಡಣೆ.

ಹೊರೆಯ ಲೆಕ್ಕ ಶಾಲೆಯಲ್ಲಿ ಕಲಿತದ್ದೇ. ವೈರಿನಲ್ಲಿ ಕರೆಂಟ್ ಹರಿದಾಗ ಹುಟ್ಟುವ ಬಿಸಿ, ಕರೆಂಟಿನ ವರ್ಗವನ್ನು ವೈರಿನ ರೋಧದಿಂದ ಗುಣಿಸಿದಷ್ಟು ಎಂದು ಜೇಮ್ಸ್ ಜೌಲ್ 1840ರ ದಶಕದ ಆರಂಭದಲ್ಲೇ ತೋರಿಸಿದ್ದ. ಇಲ್ಲಿ ‘ವರ್ಗ’ ಎಂಬ ಪದದಲ್ಲೇ ಅಪಾಯವೆಲ್ಲ ಅಡಗಿದೆ. ದೀಪ, ಫ್ಯಾನುಗಳಿಗೆ ಎಳೆಯುವ 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ ಮೀಟರ್ ಉದ್ದಕ್ಕೆ ಸುಮಾರು 1.3 ವಾಟ್ ಬಿಸಿ ಹುಟ್ಟುತ್ತದೆ. ಕರೆಂಟ್ 20 ಆಂಪಿಯರಿಗೆ ಏರಿದರೆ ಬಿಸಿ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ನಾಲ್ಕು ಪಟ್ಟಾಗಿ 5.3 ವಾಟ್ ಮುಟ್ಟುತ್ತದೆ. ಬಯಲಲ್ಲಿ ತೂಗುವ ವೈರಿಗೆ ಗಾಳಿಯಾಡಿ ತಣಿಯುವ ಅವಕಾಶವಿದೆ. ಗೋಡೆಯೊಳಗಿನ ಪೈಪಿನಲ್ಲಿ ಆರೇಳು ವೈರ್‌ಗಳ ಜೊತೆ ಒತ್ತೊತ್ತಾಗಿ ಮಲಗಿದ ವೈರಿಗೆ ಅದೂ ಇಲ್ಲ. ಒಂದೇ ವೈರು ಒಂಟಿಯಾಗಿದ್ದಾಗ ಹೊರುವಷ್ಟನ್ನು ಗುಂಪಿನಲ್ಲಿ ಹೊರಲಾರದು. ವೈರ್ ಕಂಪನಿಗಳ ಕೋಷ್ಟಕಗಳಲ್ಲೂ ಗುಂಪಿಗೆ ತಕ್ಕ ಕಡಿತ ಬೇರೆಯೇ ಇರುತ್ತದೆ. ಅದನ್ನು ನೋಡಿ ವೈರ್ ಎಳೆಯುವವರು ಕಡಿಮೆ.

ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ಹೊದಿಕೆ ಸತತವಾಗಿ ತಾಳುವ ಶಾಖ 70 ಡಿಗ್ರಿ. 71ಕ್ಕೆ ಏರಿದೊಡನೆ ಅದೇನೂ ಹೊತ್ತಿಕೊಳ್ಳುವುದಿಲ್ಲ, ವಯಸ್ಸಾಗುವ ವೇಗ ಹೆಚ್ಚುತ್ತದೆ. ಮಿತಿ ಮೀರಿದ ಪ್ರತಿ ಎಂಟು ಹತ್ತು ಡಿಗ್ರಿಗೆ ಹೊದಿಕೆಯ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಮೆದುವಾಗಿ ಬಾಗುತ್ತಿದ್ದ ಹೊದಿಕೆ ಒಣಗಿ, ಗಟ್ಟಿಯಾಗಿ, ಹಪ್ಪಳದ ಹಾಗೆ ಬಿರುಕು ಬಿಡುತ್ತದೆ. ಹಳೆಯ ಮನೆಯಲ್ಲಿ ಸ್ವಿಚ್ ಬೋರ್ಡ್ ಬಿಚ್ಚಿದ ಎಲೆಕ್ಟ್ರೀಷಿಯನ್ ವೈರನ್ನು ತುಸು ಬಗ್ಗಿಸಿದೊಡನೆ ಹೊದಿಕೆ ಪುಡಿಪುಡಿಯಾಗಿ ಉದುರಿದರೆ, ಆ ವೈರು ಬಹುಕಾಲ ಕಾದಿದೆ ಎಂದೇ ಅರ್ಥ. ವೈರಿನ ಮೇಲೆ ಅಚ್ಚಾಗಿರುವ ಎಫ್‌ಆರ್ ಎಂಬ ಗುರುತನ್ನು ಅನೇಕರು ಬೆಂಕಿಯೇ ತಾಗದ ವೈರು ಎಂದು ಓದುತ್ತಾರೆ. ಅಂಗಡಿಯವರೂ ಹಾಗೇ ಹೇಳಿ ಮಾರುತ್ತಾರೆ. ಹೊತ್ತಿದ ಜ್ವಾಲೆ ವೈರಿನುದ್ದಕ್ಕೂ ಹರಡದಂತೆ ತಡೆಯುವ ಗುಣ ಮಾತ್ರ ಅದಕ್ಕಿದೆ. ಹೆಚ್ಚು ಹೊರೆ ಹೊರುವ ಶಕ್ತಿಯೇನೂ ಅದರಿಂದ ಬರುವುದಿಲ್ಲ.

ಹೊರೆ ಏರಿದ್ದು ಒಂದೇ ದಿನದಲ್ಲಿ ಅಲ್ಲ. ಕರ್ನಾಟಕದ ಹಳ್ಳಿಗಳ ಎಷ್ಟೋ ಬಡ ಮನೆಗಳಿಗೆ ಕರೆಂಟ್ ಬಂದದ್ದು ಭಾಗ್ಯಜ್ಯೋತಿ ಯೋಜನೆಯ ಒಂಟಿ ದೀಪವಾಗಿ. ಒಂದು ಬಲ್ಬಿಗೆಂದು ಎಳೆದ ಆ ವೈರಿಗೆ ಮುಂದೆ ಫ್ಯಾನ್ ಸೇರಿತು, ಟಿವಿ ಸೇರಿತು, ಮಿಕ್ಸಿ ಬಂತು, ಒಂದು ಹಬ್ಬಕ್ಕೆ ಫ್ರಿಜ್ ಬಂತು. ಪೇಟೆಯ ಮನೆಗಳದೂ ಇದೇ ಕಥೆ, ಅಂಕಿಗಳು ಮಾತ್ರ ದೊಡ್ಡವು. ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಸಾಧಾರಣ ಮನೆಯೊಂದರಲ್ಲಿ 2000 ವಾಟಿನ ಗೀಸರ್, 2000 ವಾಟಿನ ಇಂಡಕ್ಷನ್ ಒಲೆ, ಚಟ್ನಿ ರುಬ್ಬುವ 750 ವಾಟಿನ ಮಿಕ್ಸಿ, ಸ್ಕೂಲ್ ಯೂನಿಫಾರಂ ಉಜ್ಜುವ 1000 ವಾಟಿನ ಇಸ್ತ್ರಿಪೆಟ್ಟಿಗೆ ಒಟ್ಟಿಗೇ ನಡೆಯುತ್ತವೆ. ಕೂಡಿದರೆ 5750 ವಾಟ್. 230 ವೋಲ್ಟಿನಿಂದ ಭಾಗಿಸಿದರೆ ಸರಿಯಾಗಿ 25 ಆಂಪಿಯರ್. ಅದೇ ಮನೆಯ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಂಬ ಜಾಗದಲ್ಲಿ ಒಂದೋ ಎರಡೋ ಕಿಲೋವಾಟ್ ಎಂದಿರುತ್ತದೆ. ಲೋಡ್ ಹೆಚ್ಚಿಸಿಕೊಂಡರೆ ನಿಗದಿತ ಶುಲ್ಕ ಏರುತ್ತದೆಂದು ಜನ ಅರ್ಜಿ ಹಾಕುವುದಿಲ್ಲ. ಮಂಜೂರಾತಿ ಏರದೆ ಇದ್ದರೆ ಮೀಟರಿಗೆ ಬರುವ ಸರ್ವಿಸ್ ವೈರೂ ಬದಲಾಗುವುದಿಲ್ಲ, ಬೀದಿಯ ಟ್ರಾನ್ಸ್‌ಫಾರ್ಮರಿನ ಲೆಕ್ಕವೂ ಬದಲಾಗುವುದಿಲ್ಲ.

ಗೀಸರಿಗೆ, ಏಸಿಗೆ 4 ಚದರ ಮಿಲಿಮೀಟರ್, ಅಡುಗೆಮನೆಯ ಪವರ್ ಪ್ಲಗ್ಗಿಗೆ 2.5, ದೀಪ ಫ್ಯಾನಿಗೆ 1.5 ಎಂಬುದು ಈಗಿನ ವಾಡಿಕೆ. ಹಳೆಯ ಎಲೆಕ್ಟ್ರೀಷಿಯನ್ನರ ಬಾಯಲ್ಲಿ ಇನ್ನೂ ಒಂದು ಬೈ ಹದಿನೆಂಟು, ಮೂರು ಬೈ ಇಪ್ಪತ್ತು, ಏಳು ಬೈ ಇಪ್ಪತ್ತು ಎಂಬ ಲೆಕ್ಕಗಳು ಉಳಿದಿವೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಹಳೆಯ ಬ್ರಿಟಿಷ್ ಗೇಜು. ಒಂದು ಬೈ ಹದಿನೆಂಟು ಎಂದರೆ 1.2 ಚದರ ಮಿಲಿಮೀಟರಿಗೂ ಕಡಿಮೆ. ಮೂವತ್ತು ನಲವತ್ತು ವರ್ಷದ ಮನೆಯಲ್ಲಿ ಇಂಥ ವೈರೇ ದೀಪದ ಸರ್ಕ್ಯೂಟಿನಲ್ಲಿರುತ್ತದೆ. ಆ ಸರ್ಕ್ಯೂಟಿನ ಬೋರ್ಡಿನಿಂದ ಪಕ್ಕಕ್ಕೆ ಒಂದು ವೈರ್ ಎಳೆದು, ಗೀಸರ್ ಪಾಯಿಂಟ್ ಮಾಡಿಕೊಟ್ಟು, ಮುಂದೆ ದೊಡ್ಡ ಸ್ವಿಚ್ ಕೂರಿಸಿದರೆ ನೋಡುವವರಿಗೆ ಅದು ಪವರ್ ಪಾಯಿಂಟೇ. ಗೋಡೆಯ ಹೊರಗೆ ಕಾಣುವ ಸ್ವಿಚ್ಚಿನ ಗಾತ್ರಕ್ಕೂ ಒಳಗಿನ ವೈರಿನ ಗಾತ್ರಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಇಷ್ಟಾದರೂ ಹೊರೆಗಿಂತ ಸಡಿಲ ಜೋಡಣೆಯೇ ಹೆಚ್ಚು ಮೋಸದ್ದು. ಹೊರೆ ಹೆಚ್ಚಾದಾಗ ಬಿಸಿ ವೈರಿನ ಉದ್ದಕ್ಕೆಲ್ಲ ಹಂಚಿಹೋಗುತ್ತದೆ. ಸಡಿಲ ಜೋಡಣೆಯಲ್ಲಿ ಅದೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತದೆ. ಗೀಸರಿನ ಸಾಕೆಟ್ಟಿನ ಹಿಂದೆ ಒಂದು ಹಿತ್ತಾಳೆಯ ಟರ್ಮಿನಲ್, ಅದಕ್ಕೊಂದು ಸಣ್ಣ ಸ್ಕ್ರೂ. ಕೂರಿಸಿದ ದಿನ ಬಿಗಿಯಾಗಿಯೇ ಇತ್ತು ಎನ್ನೋಣ. ದಿನವೂ ಬೆಳಗ್ಗೆ ಗೀಸರ್ ಹಾಕಿದಾಗ ತಾಮ್ರ ಬಿಸಿಯಾಗಿ ಹಿಗ್ಗುತ್ತದೆ, ಆರಿಸಿದ ಮೇಲೆ ಕುಗ್ಗುತ್ತದೆ. ಮೂರ್ನಾಲ್ಕು ವರ್ಷ ಈ ಹಿಗ್ಗು ಕುಗ್ಗು ನಡೆದು ಸ್ಕ್ರೂ ಕಾಲು ಸುತ್ತು ಸಡಿಲವಾಗುತ್ತದೆ. ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಜಾಗದ ರೋಧ 0.3 ಓಮ್ ಆಯಿತೆಂದುಕೊಳ್ಳಿ. ಗೀಸರ್ ಎಳೆಯುವ 9 ಆಂಪಿಯರನ್ನು ವರ್ಗ ಮಾಡಿ 0.3ರಿಂದ ಗುಣಿಸಿದರೆ 24 ವಾಟ್. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಕಬ್ಬಿಣ 25 ವಾಟಿನದು. ಎಂದರೆ ಪ್ಲಾಸ್ಟಿಕ್ ಸಾಕೆಟ್ಟಿನ ಬೆನ್ನಿಗೆ, ಗೋಡೆಯೊಳಗೆ, ಮುಚ್ಚಿದ ಡಬ್ಬಿಯಲ್ಲಿ ಸೋಲ್ಡರಿಂಗ್ ಕಬ್ಬಿಣವೊಂದನ್ನು ದಿನವೂ ಅರ್ಧ ಗಂಟೆ ಒತ್ತಿ ಹಿಡಿದಂತಾಯಿತು.

ಮನೆಯವರಿಗೆ ಇದರ ಸುಳಿವೇ ಸಿಗುವುದಿಲ್ಲ. ಆ ಜೋಡಣೆಯಲ್ಲಿ ಕಳೆದುಹೋಗುವ ವೋಲ್ಟೇಜ್ 2.7 ಮಾತ್ರ, 230ರಲ್ಲಿ ಅಷ್ಟು ಕಡಿಮೆಯಾದರೆ ನೀರು ಕಾಯುವುದರಲ್ಲಿ ವ್ಯತ್ಯಾಸವೇ ಕಾಣದು. ಕರೆಂಟ್ 9 ಆಂಪಿಯರಿಗಿಂತ ಹೆಚ್ಚಲಿಲ್ಲವಾದ್ದರಿಂದ 16 ಆಂಪಿಯರಿನ ಎಂಸಿಬಿಗೆ ಅದು ಎಲ್ಲ ಸರಿಯಿದ್ದಂತೆಯೇ. ಜೋಡಣೆ ಕಾದಷ್ಟೂ ಆಕ್ಸೈಡ್ ಬೆಳೆಯುತ್ತದೆ, ಆಕ್ಸೈಡ್ ಬೆಳೆದಷ್ಟೂ ರೋಧ ಏರುತ್ತದೆ, ರೋಧ ಏರಿದಷ್ಟೂ ಇನ್ನಷ್ಟು ಕಾಯುತ್ತದೆ. ಕಡೆಗೆ ತಾಮ್ರ ಮತ್ತು ಸ್ಕ್ರೂ ನಡುವೆ ಕೆಂಡದಂಥ ಚುಕ್ಕೆಯೊಂದು ಸದ್ದಿಲ್ಲದೆ ಉರಿಯತೊಡಗುತ್ತದೆ. ಸುತ್ತಲ ಪ್ಲಾಸ್ಟಿಕ್ ಕರಕಲಾಗುತ್ತದೆ. ಕರಕಲು ಎಂದರೆ ಇಂಗಾಲ, ಇಂಗಾಲ ಕರೆಂಟನ್ನು ಹರಿಯಬಿಡುವ ವಸ್ತು. ನಿನ್ನೆವರೆಗೆ ಫೇಸು ನ್ಯೂಟ್ರಲನ್ನು ಬೇರ್ಪಡಿಸಿ ಹಿಡಿದಿದ್ದ ಗೋಡೆಯೇ ಇವತ್ತು ಎರಡರ ನಡುವೆ ಸೇತುವೆಯಾಗುತ್ತದೆ. ಪತ್ರಿಕೆಯ ಸುದ್ದಿಯ ಶಾರ್ಟ್ ಸರ್ಕ್ಯೂಟ್ ಶುರುವಾಗುವುದು ಈ ಘಳಿಗೆಯಲ್ಲಿ.

ಜೋಡಣೆ ಸಡಿಲವಾಗಲು ಕಾಲವೊಂದೇ ಕಾರಣವಲ್ಲ, ಕೈಗುಣವೂ ಇದೆ. ಈಗಿನ 1.5ರ ವೈರಿನಲ್ಲಿ ಕೂದಲಿನಂಥ 22 ಎಳೆಗಳಿರುತ್ತವೆ, 2.5ರಲ್ಲಿ 36, 4ರಲ್ಲಿ 56. ಸ್ವಿಚ್ಚಿನ ತೂತಿಗೆ ಎರಡು ವೈರ್ ಒಟ್ಟಿಗೆ ಹಿಡಿಸದಿದ್ದಾಗ ಒಂದಷ್ಟು ಎಳೆಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಎಸೆದು ಉಳಿದದ್ದನ್ನು ತುರುಕುವುದು ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಕಾಣುವ ದೃಶ್ಯ. 22ರಲ್ಲಿ 8 ಎಳೆ ಹೋದರೆ ಒಂದೂವರೆಯ ವೈರು ಆ ಜಾಗದಲ್ಲಿ ಒಂದು ಎಂಎಂ ವೈರಾಯಿತು. ವೈರಿಂಗ್ ಕೂಲಿ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ನಡೆಯುತ್ತದೆ. ಇಷ್ಟು ಪಾಯಿಂಟಿಗೆ ಇಷ್ಟು ರೂಪಾಯಿ. ಸ್ಕ್ರೂ ಎಷ್ಟು ಬಿಗಿ ಎಂಬುದಕ್ಕೆ ಅಲ್ಲಿ ಕಾಸಿಲ್ಲ, ಎಷ್ಟು ಬೇಗ ಮುಗಿಯಿತು ಎಂಬುದಕ್ಕಿದೆ. ಗ್ರಾನೈಟಿಗೆ, ಬಾಗಿಲ ಕೆತ್ತನೆಗೆ ತಿಂಗಳುಗಟ್ಟಲೆ ಚೌಕಾಸಿ ಮಾಡುವ ಮನೆ ಕಟ್ಟುವವರು ವೈರಿಂಗನ್ನು ಅತಿ ಕಡಿಮೆ ಕೇಳಿದವನಿಗೆ ಒಪ್ಪಿಸಿಬಿಡುತ್ತಾರೆ. ವೈರು ಸಾಲದೆ ಬಂದಾಗ ಪೈಪಿನ ನಡುವೆಯೇ ಎರಡು ತುಂಡು ಹೆಣೆದು, ಟೇಪ್ ಸುತ್ತಿ, ಒಳಕ್ಕೆ ಎಳೆದುಬಿಡುವುದೂ ಉಂಟು. ಜೋಡಣೆ ಬಿಚ್ಚಿ ನೋಡಬಹುದಾದ ಜಂಕ್ಷನ್ ಬಾಕ್ಸಿನೊಳಗೇ ಇರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಗಾರೆ ಮೆತ್ತಿದ ಮೇಲೆ ಅಂಥ ಗಂಟು ಎಲ್ಲಿದೆ ಎಂಬುದು ಕಟ್ಟಿದವನಿಗೂ ನೆನಪಿರುವುದಿಲ್ಲ. ಅಲ್ಯೂಮಿನಿಯಂ ಸರ್ವಿಸ್ ವೈರನ್ನು ಮನೆಯ ತಾಮ್ರದ ವೈರಿಗೆ ನೇರ ಹೆಣೆಯುವ ಮೀಟರ್ ಬೋರ್ಡ್ ಇನ್ನೊಂದು ದುರ್ಬಲ ಜಾಗ: ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ತೇವ ಸೇರಿದರೆ ನಡುವೆ ತುಕ್ಕೂ ಬೆಳೆಯುತ್ತದೆ.

ಸಡಿಲ ಜೋಡಣೆ ಏನು ಮಾಡಬಲ್ಲದು ಎಂಬುದಕ್ಕೆ ದೇಶ ಮರೆಯದ ಉದಾಹರಣೆ ಮನೆಯದಲ್ಲ, ಸಿನಿಮಾ ಮಂದಿರದ್ದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತರು. ಕಟ್ಟಡದ ಕೆಳಗಿದ್ದ ಟ್ರಾನ್ಸ್‌ಫಾರ್ಮರನ್ನು ಅದೇ ಬೆಳಗ್ಗೆ ರಿಪೇರಿ ಮಾಡಲಾಗಿತ್ತು. ಕೇಬಲಿನ ತುದಿಯನ್ನು ಕ್ರಿಂಪಿಂಗ್ ಯಂತ್ರದಿಂದ ಒತ್ತದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು ಎಂಬುದು ಮುಂದೆ ಮೊಕದ್ದಮೆಯ ಮುಖ್ಯ ಅಂಶವಾಯಿತು. ಸಂಜೆಯ ಹೊತ್ತಿಗೆ ಕಿಡಿ ಹಾರಿ, ಎಣ್ಣೆ ಹೊತ್ತಿ, ಹೊಗೆ ಬಾಲ್ಕನಿಗೆ ಏರಿತು.

ಜೋಡಣೆಗಳಲ್ಲಿ ಪ್ಲಗ್ಗು ಸಾಕೆಟ್ಟುಗಳದು ದಿನಬಳಕೆಯ ಜೋಡಣೆ. ಭಾರತದಲ್ಲಿ 6 ಆಂಪಿಯರ್ ಮತ್ತು 16 ಆಂಪಿಯರ್ ಎಂದು ಎರಡು ಅಳತೆ. ಜನ ಇನ್ನೂ ಫೈವ್ ಆಂಪ್, ಫಿಫ್ಟೀನ್ ಆಂಪ್ ಎನ್ನುತ್ತಾರೆ. ದಪ್ಪ ಪಿನ್ ಸಣ್ಣ ತೂತಿಗೆ ಹೋಗದಂತೆ ಮಾಡಿದ್ದೇ ದೊಡ್ಡ ಹೊರೆ ಸಣ್ಣ ವೈರಿಗೆ ಬೀಳದಿರಲಿ ಎಂದು. ಆ ಉದ್ದೇಶವನ್ನೇ ಮಣ್ಣುಪಾಲು ಮಾಡುವ ಕನ್ವರ್ಷನ್ ಪ್ಲಗ್ ನೂರು ರೂಪಾಯಿಯ ಆಸುಪಾಸಿಗೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸಿನದು ಇನ್ನೊಂದು ತಮಾಷೆ: ಒಂದೇ ಸಾಕೆಟ್ಟಿನಿಂದ ಹೊರಟು ಆರು ಸಾಕೆಟ್ ಆಗಿ ಕವಲೊಡೆಯುತ್ತದೆ, ಆದರೆ ಮೊದಲ ಪ್ಲಗ್ಗಿನ ಶಕ್ತಿ 6 ಆಂಪಿಯರೇ. ಇಂಡಕ್ಷನ್ ಒಲೆಯ 8.7 ಮತ್ತು 1500 ವಾಟಿನ ಕೆಟಲಿನ 6.5 ಸೇರಿದರೆ 15 ದಾಟುತ್ತದೆ. ಅಗ್ಗದ ಬಾಕ್ಸುಗಳ ಒಳಗೆ ತಗಡಿನಂಥ ಹಿತ್ತಾಳೆ ಪಟ್ಟಿ, ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಎಳೆಗಳು. ಉದ್ದ ಹೆಚ್ಚಾಯಿತೆಂದು ಆ ವೈರನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಸೋಫಾ ಹಿಂದೆ ಬಿಟ್ಟರೆ ಬಿಸಿ ಹೊರಹೋಗುವ ದಾರಿಯೂ ಮುಚ್ಚುತ್ತದೆ. ಹೊಸದಾಗಿ ಸೇರಿದ್ದು ಎಲೆಕ್ಟ್ರಿಕ್ ಸ್ಕೂಟರ್. ಅದರ ಚಾರ್ಜರ್ ಎಳೆಯುವ ಕರೆಂಟ್ ಗೀಸರಿಗಿಂತ ಕಡಿಮೆ, ಆದರೆ ಗೀಸರಿನಂತೆ ಅರ್ಧ ಗಂಟೆಗೆ ನಿಲ್ಲದೆ ರಾತ್ರಿ ಗಂಟೆಗಟ್ಟಲೆ ಎಳೆಯುತ್ತದೆ. ಮೊದಲ ಮಹಡಿಯ ಕಿಟಕಿಯಿಂದ ಇಳಿಬಿಟ್ಟ ಎಕ್ಸ್‌ಟೆನ್ಶನ್ ವೈರ್ ಅಷ್ಟು ಹೊತ್ತು ತಣಿಯುವುದೇ ಇಲ್ಲ.

ಗಣೇಶನ ಹಬ್ಬ, ದೀಪಾವಳಿಗಳ ಸೀರಿಯಲ್ ಸೆಟ್ಟಿನ ವಿಷಯ ಬೇರೆಯೇ ಹೇಳಬೇಕು. ಪ್ಲಗ್ ಟಾಪ್ ಇಲ್ಲದಾಗ ವೈರಿನ ತುದಿಗಳನ್ನು ಹಲ್ಲಿನಲ್ಲಿ ಸುಲಿದು ಸಾಕೆಟ್ಟಿನ ತೂತಿಗೆ ತೂರಿಸಿ, ಜಾರದಿರಲೆಂದು ಪಕ್ಕಕ್ಕೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸುವ ಪದ್ಧತಿ ಊರೂರಿನಲ್ಲಿದೆ. ಸಡಿಲ ಜೋಡಣೆಯ ಪಕ್ಕದಲ್ಲಿ ಬೆಂಕಿಕಡ್ಡಿಯನ್ನೇ ಇಡುವ ಈ ಉಪಾಯಕ್ಕೆ ವ್ಯಾಖ್ಯಾನ ಬೇಕಿಲ್ಲ.

ಬಿಸಿಯ ವಿರುದ್ಧ ಮನೆಗಿರುವ ಕಾವಲು ಮೀಟರಿನ ಪಕ್ಕದ ಡಬ್ಬಿಯಲ್ಲಿದೆ. ಹಿಂದೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇತ್ತು, ಹಳೆಯ ಮನೆಗಳಲ್ಲಿ ಈಗಲೂ ಇದೆ. 5 ಆಂಪಿಯರಿನ ಫ್ಯೂಸ್ ವೈರ್ ಸುಮಾರು 0.2 ಮಿಲಿಮೀಟರ್ ದಪ್ಪದ ಎಳೆ. ಹೊರೆ ಮೀರಿದಾಗ ತಾನು ಕರಗಿ ಮನೆಯ ವೈರನ್ನು ಉಳಿಸುವುದು ಅದರ ಕೆಲಸ. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತವರು ವೈರಿನ ನಾಲ್ಕಾರು ಎಳೆ ತಿರುಚಿ ಕಟ್ಟಿಬಿಡುತ್ತಾರೆ. ಆಮೇಲೆ ಫ್ಯೂಸ್ ಹೋಗುವುದೇ ಇಲ್ಲ. ಕರಗಬೇಕಾದದ್ದು ಕರಗದಿದ್ದಾಗ ಗೋಡೆಯೊಳಗಿನ ವೈರೇ ಫ್ಯೂಸಾಗುತ್ತದೆ. ಎಂಸಿಬಿ ಬಂದ ಮೇಲೆ ಈ ಚಾಳಿಗೆ ಹೊಸ ರೂಪ ಬಂದಿದೆ. 16ರದ್ದು ಟ್ರಿಪ್ ಆಗುತ್ತಿದೆ ಎಂದರೆ 32ರದ್ದು ಹಾಕು ಎನ್ನುವುದು. ಎಂಸಿಬಿಯ ಅಂಕಿ ಅದರ ಹಿಂದಿನ ವೈರಿಗೆ ಹೊಂದಬೇಕು. ಮುಂದಿನ ಉಪಕರಣದ ಆಸೆಗೆ ತಕ್ಕಂತೆ ಏರಿಸುವಂಥದ್ದಲ್ಲ. 1.5ರ ವೈರಿಗೆ 32ರ ಎಂಸಿಬಿ ಕೂರಿಸಿದರೆ, ವೈರ್ ಬೆಂದು ಹೋಗುವಷ್ಟು ಕರೆಂಟ್ ಹರಿದರೂ ಎಂಸಿಬಿ ಕಣ್ಣು ಮಿಟುಕಿಸುವುದಿಲ್ಲ.

ಸರಿಯಾದ ಎಂಸಿಬಿಗೂ ಅದರದೇ ಮಿತಿಯುಂಟು. ಒಳಗೆ ಎರಡು ಅಂಗಗಳಿವೆ. ಎರಡು ಲೋಹ ಬೆಸೆದ ಪಟ್ಟಿಯೊಂದು ಬಿಸಿಯಾಗಿ ಬಾಗಿ ಹೊರೆಯನ್ನು ಗುರುತಿಸುತ್ತದೆ. ತಂತಿಯ ಸುರುಳಿಯೊಂದು ಅಯಸ್ಕಾಂತವಾಗಿ ಶಾರ್ಟ್ ಸರ್ಕ್ಯೂಟನ್ನು ಗುರುತಿಸುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಿ ಮಾದರಿಯ 16 ಆಂಪಿಯರಿನ ಎಂಸಿಬಿಯಲ್ಲಿ ಆ ಸುರುಳಿ ಕೂಡಲೇ ಎಳೆಯಲು 80ರಿಂದ 160 ಆಂಪಿಯರ್ ಬೇಕು. ಪಟ್ಟಿಯದು ನಿಧಾನದ ಸ್ವಭಾವ. ಮಾನದಂಡದ ಪ್ರಕಾರ 18 ಆಂಪಿಯರಿಗೆ ಅದು ಒಂದು ಗಂಟೆಯವರೆಗೆ ಟ್ರಿಪ್ ಆಗಲೇಬಾರದು. 23 ಆಂಪಿಯರ್ ದಾಟಿದರೆ ಗಂಟೆಯೊಳಗೆ ಆಗಬೇಕು. ಎಂದರೆ ಮೋಟಾರ್ ಚಾಲೂ ಆಗುವಾಗಿನ ಕ್ಷಣದ ಎಳೆತಕ್ಕೆಲ್ಲ ಕತ್ತಲಾಗದಿರಲೆಂದು ಬೇಕೆಂದೇ ಸಡಿಲ ಬಿಟ್ಟ ಅಂತರವದು. ಸಡಿಲ ಸ್ಕ್ರೂವಿನ ಕೆಂಡ ಈ ಅಂತರದ ಕೆಳಗೇ ಕೂತಿರುತ್ತದೆ. ಆರ್‌ಸಿಸಿಬಿಯ ಕೆಲಸ ಬೇರೆ. ಹೋದ ಕರೆಂಟೂ ಮರಳಿದ ಕರೆಂಟೂ ಸಮವಿದೆಯೇ ಎಂದು ಅದು ತೂಗಿ ನೋಡುತ್ತದೆ; 30 ಮಿಲಿಆಂಪಿಯರ್ ಸೋರಿದರೂ ಕಡಿಯುತ್ತದೆ. ಶಾಕ್‌ನಿಂದ ಜೀವ ಉಳಿಸುವ ಸಾಧನವೆಂದೇ ಅದು ಹೆಸರಾದದ್ದು. ಬೆಂಕಿಗೂ ಅದರ ನೆರವುಂಟು: ಒದ್ದೆ ಗೋಡೆಯ ಮೂಲಕ ನೆಲಕ್ಕೆ 300 ಮಿಲಿಆಂಪಿಯರ್ ಸೋರಿದರೆ ಆ ಜಾಗದಲ್ಲಿ 69 ವಾಟ್ ಬಿಸಿ ಹುಟ್ಟಬಲ್ಲದು, ಆರ್‌ಸಿಸಿಬಿ ಅದನ್ನು ಬೆಳೆಯಗೊಡುವುದಿಲ್ಲ. ಅರ್ತಿಂಗ್ ಸರಿಯಿದ್ದರೆ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಫೇಸು ನ್ಯೂಟ್ರಲ್ ನಡುವಿನ ಹೊರೆಯಾಗಲಿ ಸಡಿಲ ಜೋಡಣೆಯಾಗಲಿ ಆರ್‌ಸಿಸಿಬಿಗೂ ತಿಳಿಯದು. ಕಿಡಿಯ ಲಕ್ಷಣವನ್ನೇ ಹಿಡಿದು ಕಡಿಯುವ ಸಾಧನಗಳೂ ಬಂದಿವೆ, ಭಾರತದ ಮನೆಗಳಲ್ಲಿ ಮಾತ್ರ ಇನ್ನೂ ಅಪರೂಪ.

ಮಲೆನಾಡಿನ ಹೆಂಚಿನ ಮನೆಗಳ ಸಮಸ್ಯೆಗೆ ಬೇರೆ ಬಣ್ಣವಿದೆ. ಅಲ್ಲಿ ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ಹಳೆಯ ಬ್ಯಾಟನ್ ವೈರಿಂಗ್ ಇನ್ನೂ ಜೀವಂತ. ವೈರ್ ಕಾದರೆ ಮೊದಲು ಸಿಗುವುದೇ ಒಣಗಿದ ಮರ. ಅಟ್ಟದ ಮೇಲೆ ಅಡಿಕೆ ಸಿಪ್ಪೆ, ಗೋಣಿಚೀಲ, ಹುಲ್ಲು. ಅವುಗಳ ನಡುವೆ ಇಲಿ. ಬೆಳೆಯುತ್ತಲೇ ಇರುವ ಹಲ್ಲನ್ನು ಸವೆಸಲು ಇಲಿಗೆ ಏನಾದರೂ ಕಡಿಯುತ್ತಿರಬೇಕು, ಪಿವಿಸಿ ಹೊದಿಕೆ ಅದಕ್ಕೆ ಹೇಳಿಮಾಡಿಸಿದಂತಿದೆ. ಮಳೆಗಾಲದಲ್ಲಿ ಹೆಂಚು ಸರಿದು ಸೋರುವ ನೀರು ಇಲಿ ಕಡಿದ ಜಾಗಕ್ಕೆ ಬಿದ್ದರೆ ಸೋರಿಕೆ ಶುರು. ಇಂಥ ಮನೆಯಲ್ಲಿ ಅಟ್ಟದ ಭಾಗವನ್ನಾದರೂ ಪೈಪಿನೊಳಗೆ ಸೇರಿಸುವುದು ಇಡೀ ಮನೆ ರೀವೈರಿಂಗ್ ಮಾಡುವುದಕ್ಕಿಂತ ಅಗ್ಗ.

ಯುಪಿಎಸ್ ಇರುವ ಮನೆಗಳಲ್ಲಿ ಬ್ಯಾಟರಿಯ ಕಡೆಗೂ ಕಣ್ಣಿರಬೇಕು. 12 ವೋಲ್ಟ್ ಎಂದರೆ ನಿರುಪದ್ರವಿ ಎಂಬ ಭಾವನೆ ಇದೆ. ಶಾಕ್ ಹೊಡೆಯುವುದಿಲ್ಲ ನಿಜ. ಆದರೆ 600 ವಾಟ್ ನಡೆಸಲು 12 ವೋಲ್ಟಿನ ಬ್ಯಾಟರಿ 50 ಆಂಪಿಯರಿಗೂ ಹೆಚ್ಚು ಕೊಡಬೇಕು. ಬಿಳಿ ಹೂವು ಕಟ್ಟಿದ ಟರ್ಮಿನಲ್ಲಿನಲ್ಲಿ ಒಂದು ಓಮಿನ ನೂರನೇ ಒಂದು ಪಾಲು ರೋಧ ಸೇರಿದರೂ 25 ವಾಟ್ ಅಲ್ಲೇ ಕಾಯುತ್ತದೆ. ಇನ್ನು ಬೀದಿ ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಕಳಚಿದರೆ, ಮೂರು ಫೇಸಿಗೆ ಹಂಚಿಹೋದ ಮನೆಗಳ ವೋಲ್ಟೇಜ್ ಅಡ್ಡಾದಿಡ್ಡಿಯಾಗಿ, ಕೆಲವು ಮನೆಗಳಲ್ಲಿ 400ರ ಹತ್ತಿರಕ್ಕೆ ಜಿಗಿಯುತ್ತದೆ. ಒಂದು ಕೋಣೆಯ ದೀಪ ಉಜ್ವಲ, ಇನ್ನೊಂದರದ್ದು ಮಂಕು ಎಂಬಂತೆ ಕಂಡರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಬೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, 1912ಕ್ಕೆ ಫೋನ್ ಮಾಡಬೇಕಾದ ಲಕ್ಷಣವದು.

ಅಪಾರ್ಟ್‌ಮೆಂಟುಗಳಲ್ಲಿ ಬೆಂಕಿಗಿಂತ ಹೊಗೆ ಮುಂದೆ ಓಡುತ್ತದೆ. ಪಿವಿಸಿ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಗಂಟಲಿನ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಕಣ್ಣು ತೆರೆಯಲಾಗುವುದಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿ 9 ಮಂದಿ ಸತ್ತರು. ಉಸಿರುಗಟ್ಟಿದವರ ಜೊತೆಗೆ ಕಿಟಕಿಯಿಂದ ಧುಮುಕಿದವರೂ ಇದ್ದರು. ಕೇಬಲ್‌ಗಳು ಮೇಲೇರುವ ಡಕ್ಟನ್ನು ಪ್ರತಿ ಮಹಡಿಯ ಮಟ್ಟದಲ್ಲಿ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚದಿದ್ದರೆ ಅದು ಹೊಗೆಕೊಳವೆಯೇ. ಪೊರಕೆ, ಹಳೆ ಪೇಪರ್, ಬಣ್ಣದ ಡಬ್ಬಿಗಳನ್ನು ಅದೇ ಡಕ್ಟಿನ ಬಾಗಿಲ ಹಿಂದೆ ಇಡುವ ಅಪಾರ್ಟ್‌ಮೆಂಟುಗಳಿಗೆ ಲೆಕ್ಕವಿಲ್ಲ.

ಬೆಂಕಿಗೆ ಮುಂಚೆ ಮನೆ ಸೂಚನೆ ಕೊಡುತ್ತದೆ. ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಾಗ ಪಿನ್ನು ಮುಟ್ಟಲಾರದಷ್ಟು ಬಿಸಿ. ಬಿಳಿ ಸ್ವಿಚ್ ಪ್ಲೇಟಿನ ಒಂದು ಮೂಲೆ ಹಳದಿ ತಿರುಗಿ ಕಂದಾಗುವುದು. ಮೀನಿನ ವಾಸನೆಯನ್ನು ಹೋಲುವ, ಎಲ್ಲಿಂದ ಬರುತ್ತದೆಂದು ತಿಳಿಯದ ಕಮಟು. ಸ್ವಿಚ್ಚು ಸಾಕೆಟ್ಟುಗಳ ಕೆಲವು ಬಗೆಯ ಪ್ಲಾಸ್ಟಿಕ್ ಬೇಯುವ ವಾಸನೆಯದು. ಬೋರ್ಡಿನ ಹಿಂದೆ ದುಂಬಿ ಗುಂಯ್‌ಗುಟ್ಟಿದಂಥ ಸದ್ದು. ಮಿಕ್ಸಿ ಹಾಕಿದಾಗ ದೀಪ ಮಂಕಾಗುವುದನ್ನು ವೋಲ್ಟೇಜ್ ಕಡಿಮೆ ಎಂದು ತಳ್ಳಿಹಾಕುವುದುಂಟು, ಪಕ್ಕದ ಮನೆಯ ದೀಪ ಮಂಕಾಗದೆ ಇದ್ದರೆ ತೊಂದರೆ ಮನೆಯೊಳಗೇ ಇದೆ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಮೇನ್ ಆಫ್ ಮಾಡಿ ಎಂಸಿಬಿಗಳಿರುವ ಡಬ್ಬಿ (ಡಿಬಿ), ಪವರ್ ಪಾಯಿಂಟುಗಳ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿಮಾಡಲು ಅರ್ಧ ದಿನ ಸಾಕು. ಮೆಗ್ಗರ್ ಹಿಡಿದು ಹೊದಿಕೆಯ ಆರೋಗ್ಯ ಅಳೆಯಲು ಇನ್ನೊಂದು ಗಂಟೆ. ಹೊಸ ವೈರ್ ಕೊಳ್ಳುವಾಗ ಐಎಸ್ 694 ಎಂಬ ಅಚ್ಚು ಹಾಗೂ ಐಎಸ್ಐ ಗುರುತನ್ನು ವೈರಿನ ಮೈಮೇಲೇ ನೋಡಬೇಕು, ಡಬ್ಬಿಯ ಮೇಲೆ ನೋಡಿದರೆ ಸಾಲದು.

ಹೊತ್ತಿಕೊಂಡಾಗ ಮೊದಲ ಕೆಲಸ ಮೇನ್ ಸ್ವಿಚ್. ಕರೆಂಟ್ ಇರುವಾಗ ನೀರು ಎರಚುವಂತಿಲ್ಲ. ಒಣ ಮರಳು, ಇಂಗಾಲದ ಡೈಆಕ್ಸೈಡ್ ಅಥವಾ ಎಬಿಸಿ ಪುಡಿಯ ನಂದಕ ಆಗುತ್ತದೆ. ಮೇನ್ ಕೈಗೆ ಸಿಗದಿದ್ದರೆ, ಬೆಂಕಿ ಬೋರ್ಡ್ ದಾಟಿ ಪರದೆಗೋ ಮರಕ್ಕೋ ಹತ್ತಿದ್ದರೆ ಎಲ್ಲರನ್ನೂ ಹೊರಗೆ ಕರೆತಂದು ಬಾಗಿಲು ಎಳೆದುಕೊಂಡು 101 ಅಥವಾ 112ಕ್ಕೆ ಕರೆ ಮಾಡುವುದೇ ಸರಿ. ಆರಿದ ಮೇಲೆ ಸುಟ್ಟ ಸಾಕೆಟ್ ಬದಲಿಸಿ, ವೈರಿನ ಕಪ್ಪು ತುದಿ ಕತ್ತರಿಸಿ, ಉಳಿದದ್ದಕ್ಕೆ ಜೋಡಿಸಿ ಕೆಲಸ ಮುಗಿಸುವ ಆತುರ ಎಲೆಕ್ಟ್ರೀಷಿಯನ್ನಿಗೂ ಇರುತ್ತದೆ, ಮನೆಯವರಿಗೂ ಇರುತ್ತದೆ. ಬಿಸಿ ವೈರಿನುದ್ದಕ್ಕೂ ಹಿಂದಕ್ಕೆ ಹರಿದಿರುತ್ತದೆ. ಗೋಡೆಯೊಳಗೆ ಗೇಣಿಗೂ ಮೀರಿ ಹೊದಿಕೆ ಗಡುಸಾಗಿರಬಹುದು. ಆ ವೈರನ್ನು ಡಿಬಿವರೆಗೂ ಪೂರ್ತಿ ತೆಗೆಯಬೇಕು. ಪೈಪ್ ಕೆಟ್ಟಿಲ್ಲದಿದ್ದರೆ ಗೋಡೆ ಒಡೆಯುವ ಕೆಲಸವಿಲ್ಲ: ಹಳೆಯ ವೈರಿನ ಬಾಲಕ್ಕೆ ಹೊಸದನ್ನು ಬಿಗಿದು, ಈ ತುದಿಯಲ್ಲಿ ಒಬ್ಬರು ತಳ್ಳುತ್ತಾ ಆ ತುದಿಯಲ್ಲಿ ಇನ್ನೊಬ್ಬರು ಎಳೆದರೆ ಹಳೆಯದು ಹೊರಬರುತ್ತಾ ಹೊಸದು ಒಳಗೆ ಹೋಗುತ್ತದೆ.